ಕೊಣ್ಣೂರಿನ ಮುಖ, ಗಜೇಂದ್ರಗಡದ ಮಾನಿಟರ್

ಹೆಂಡ್ತಿ ತವರಿಗೆ ಹೋದ್ರ ಗಂಡಸರು ಖುಷಿ ಪಡ್ತಾರ ಅಂತ ಯಾರು ಹೇಳಿದ್ರೋ, ಅವರನ್ನ ನಾ ಒಮ್ಮೆ ನೋಡಬೇಕಾಗೇತಿ. ಮೊದಲನೇ ವಾರ ನಾನೂ ಖುಷಿಪಟ್ಟೆ, ಖರೇ. ಒದ್ದಿ ಟಾವೆಲ್ ಕುರ್ಚಿ ಮ್ಯಾಲೆ ಬಿದ್ದಿತ್ತು, ಯಾರೂ ಕೇಳಲಿಲ್ಲ. ಎರಡನೇ ವಾರನೂ ಟಾವೆಲ್ ಕುರ್ಚಿ ಮ್ಯಾಲೇ ಬಿದ್ದಿತ್ತು, ಯಾರೂ ಕೇಳಲಿಲ್ಲ. ಆವಾಗ ನನಗ ಬ್ಯಾಸರ ಶುರುವಾತು.

ನಾನು ಇನಾಯತ. ಗಜೇಂದ್ರಗಡದಾಗ, ನಮ್ಮ ಮನಿ ಮುಂದಿನ ಖೋಲಿಯೊಳಗ ಲಗ್ನಪತ್ರಿಕಿ ತಯಾರು ಮಾಡೋ ಅಂಗಡಿ ಐತಿ. ಹಗಲೆಲ್ಲಾ ಮಂದಿ ಗಂಡು-ಹೆಣ್ಣಿನ ಹೆಸರು ಜೋಡಿಸಿ ನಡುವ ಒಂದು ಹೂವು ಕುಂದ್ರಿಸೋದು ನನ್ನ ಕಸುಬು. ನನ್ನ ಸ್ವಂತ ಜೋಡಿಯ ನಡುವ ಮಾತ್ರ ರೋಣ, ನರಗುಂದ ಅಂತ ಎರಡು ಊರು ಕುಂತುಬಿಟ್ಟಿದ್ವು. ಜಬೀನ ಹೆರಿಗಿಗೆ ಕೊಣ್ಣೂರಿನ ತವರಿಗೆ ಹೋಗಿದ್ಲು. ಹೆಣ್ಣು ಕೂಸು ಆತು, ಗುಲ್ಷನ ಅಂತ ಹೆಸರಿಟ್ವಿ. ಹೆಸರಿಡೋ ದಿನ ಹೋಗಿ, ಕೂಸಿನ ಕಿವಿಯೊಂದು ನೋಡಿ (ಉಳಿದದ್ದನ್ನೆಲ್ಲಾ ಹೆಣ್ಮಕ್ಕಳು ಮುತ್ತಿದ್ರು), ಸಂಜಿ ಬಸ್ಸಿಗೆ ತಿರುಗಿ ಬಂದಿದ್ದೆ. ಲಗ್ನದ ಹಂಗಾಮು, ಅಂಗಡಿ ಮುಚ್ಚೋ ಹಂಗಿರಲಿಲ್ಲ.

"ಬಾಣಂತನದ ಚಿಲ್ಲಾ ಮುಗದ ಮ್ಯಾಲೆ ನಾವ ಕಳಸ್ತೀವಿ, ನೀವು ಬರೋ ತ್ರಾಸು ತಗೋಬ್ಯಾಡ್ರಿ," ಅಂದಿದ್ರು ನಮ್ಮ ಅತ್ತಿ ಸೈರಾಬಾನು. ನಲವತ್ತು ದಿನದ ಚಿಲ್ಲಾ ಮುಗೀತು. ಆಮ್ಯಾಲೆ ಬಿಸಲು ಭಾಳ ಐತಿ ಅಂದ್ರು. ಬಿಸಲು ಇಳೀತು, ಕೂಸಿಗೆ ನೆಗಡಿ ಅಂದ್ರು. ಕೂಸಿನ ನೆಗಡಿ ಹೋತು, ಅತ್ತಿಗೇ ನೆಗಡಿ ಬಂತು. ನಾನ ಹೋಗಿ ಕರ್ಕೊಂಡು ಬರ್ತೀನಿ ಅಂದ್ರ ನಮ್ಮ ಅಮ್ಮಿ ಬಿಡಲಿಲ್ಲ. "ಕರೀದ ಹೋದ ಅಳಿಯಗ ಕದ ತಗಿಯಾಕೂ ತಡ ಮಾಡ್ತಾರ," ಅಂದ್ಲು. ನಮ್ಮ ಅಮ್ಮಿ ಬದರುನ್ನಿಸಾ, ಈ ಮನಿಯ ಸುಪ್ರೀಂ ಕೋರ್ಟು. ಅಲ್ಲಿಂದ ಮ್ಯಾಲೆ ಅಪೀಲಿಲ್ಲ.

ಹಿಂಗಾಗಿ ಫೋನೊಂದ ಗತಿ. ನನ್ನ ಫೋನಿನ ಗಾಜು ಒಡದು, ಜಬೀನನ ಒಂದು ಕಣ್ಣು ಒಂದು ತುಂಡಿನಾಗ, ಮೂಗು ಇನ್ನೊಂದು ತುಂಡಿನಾಗ ಕಾಣ್ತಿತ್ತು. ಆ ಕಡೆ ಫೋನು ಹಿಡಿಯೋರು ಅತ್ತಿ. ಅವರಿಗೆ ಮಾತಾಡೂ ಹುರುಪು ಬಂತಂದ್ರ ಫೋನು ಅಂಗಾತ ಮಲಗಿ ಮ್ಯಾಲಿನ ಫ್ಯಾನು ತೋರಸ್ತಿತ್ತು. ಖರೇ ಹೇಳ್ಬೇಕಂದ್ರ ಆ ದಿನಗಳಾಗ ನಾ ಕೊಣ್ಣೂರಿನ ಫ್ಯಾನಿನ ಜೋಡಿನ ಸಂಸಾರ ಮಾಡೇನಿ. ಅದರ ಮೂರೂ ರೆಕ್ಕಿ ನನಗ ಬಾಯಿಪಾಠ ಆಗಿದ್ವು. ಹೆಂಡ್ತಿ ಎಡಗಲ್ಲದ ಮಚ್ಚಿ ಯಾವ ಕಡೆ ಐತಿ ಅನ್ನೋದು ಮಾತ್ರ ಮರೆಯಾಕತ್ತಿತ್ತು. ಎಡಗಲ್ಲದ ಮಚ್ಚಿ ಎಡಕ್ಕ ಇರತೈತಿ ಅಂತ ಶಾಣ್ಯಾರು ಅಂದಾರು. ಫೋನಿನ್ಯಾಗ ಎಡ-ಬಲ ಎಲ್ಲಾ ತಿರುಗಾಮುರುಗಾ.

ಒಂದು ದಿನ ಅಂಗಡಿಯ ಕಂಪ್ಯೂಟರ್ ಮುಂದ ಕುಂತಾಗ ನನಗ ಜ್ಞಾನೋದಯ ಆತು. ಇದರಾಗೂ ವಿಡಿಯೋ ಕಾಲ್ ಮಾಡಬಹುದಲ್ಲ. ಕ್ಯಾಮೆರಾ ಹೆಂಗೂ ಇತ್ತು. ಇದ್ದ ಮಾನಿಟರ್ ಹಳೇದು, ಮಂಕಾಗಿತ್ತು. ಒಂದು ದೊಡ್ಡ ಮಾನಿಟರ್ ತಂದ್ರ ಮುಗೀತು, ಜಬೀನನ ಮುಖ ಕಿಟಕಿಯೊಳಗ ನಿಂತಂಗ ಕಾಣ್ತೈತಿ. ಹುಬ್ಬಳ್ಳಿಗೆ ಹೇಳಿ ತರಿಸೇಬಿಟ್ಟೆ.

ಡಬ್ಬಿ ಬಿಚ್ಚಿದಾಗ ಅಮ್ಮಿ ಬಾಗಲದಾಗ ನಿಂತು ನೋಡಿದ್ಲು.

"ಏನದು, ಕೇರಂ ಬೋರ್ಡ್?"

"ಮಾನಿಟರ್, ಅಮ್ಮಿ. ಅಂಗಡಿ ಕೆಲಸಕ್ಕ."

"ಇಷ್ಟು ದಿನ ಸಣ್ಣದರಾಗ ಲಗ್ನ ಆಗಿದ್ದಿಲ್ಲೇನು ಮಂದಿದು?"

"ಕಣ್ಣು ನೋಯ್ತಾವು."

"ಯಾತಕ್ಕ ನೋಯ್ತಾವ ಅಂತ ನನಗ ಗೊತ್ತೈತಿ," ಅಂತ ಒಳಗ ಹೋದ್ಲು. ಹೋಗ್ತಾ ಟಾವೆಲ್ ಎತ್ತಿ ನನ್ನ ಹೆಗಲ ಮ್ಯಾಲೆ ಒಗದು ಹೋದ್ಲು.

ಸಂಜಿ ಕಾಲ್ ಮಾಡಿದೆ. ಜಬೀನನ ಮುಖ ಬಂತು. ಬಂತು ಅಂದ್ರ, ಈ ಗ್ವಾಡಿಯಿಂದ ಆ ಗ್ವಾಡಿ ತನಕ ಬಂತು. ಕೈಲೆ ತಟ್ಟಿದ ಜ್ವಾಳದ ರೊಟ್ಟಿ ಹಂಚಿನ ಅಂಚಿನಿಂದ ಹೊರಗ ಹೋಗ್ತೈತಲ್ಲ, ಹಂಗ. ಆದ್ರೂ ನನ್ನ ಹೆಂಡ್ತಿ. ನನಗ ಮಾತು ತಾನಾ ಬಂತು.

"ಚಲೋ ಮೈಕೈ ತುಂಬಿಕೊಂಡೀ ಅಲ್ಲ ಜಬೀನ," ಅಂದೆ. ಪ್ರೀತಿಲೇನ ಅಂದಿದ್ದು.

"ಏನಂದ್ರಿ?"

"ಅಲ್ಲ, ಗಲ್ಲ. ಎರಡೂ ಗಲ್ಲ ಒಮ್ಮೆಲೆ ಪರದಿಯೊಳಗ ಹಿಡಿಯವಲ್ಲವು."

ಹಿಂದಿಂದ ಅಮ್ಮಿ ಇಣುಕಿ, "ಬಾಣಂತಿ ಅಂತ ಅಂಟಿನುಂಡಿ ಜಾಸ್ತಿ ತಿನ್ನಿಸ್ಯಾರ. ನಾ ಹೇಳಿದ್ನಿ," ಅಂದ್ಲು.

"ಮೊನ್ನಿ ತೂಕ ಮಾಡಿದ್ರು," ಅಂದ್ಲು ಜಬೀನ. ದನಿ ತಣ್ಣಗಿತ್ತು. "ಇಳದೀನಂತ ನಮ್ಮ ಅಮ್ಮಾ ಎರಡು ದಿನ ಅತ್ತಾಳ. ನಿಮಗ ಗಲ್ಲ ಕಾಣ್ತಾವು." ಕಾಲ್ ಕಟ್ ಆತು.

ಆಮ್ಯಾಲೆ ಎಷ್ಟೋ ದಿನ ಫೋನು ಎತ್ತಲಿಲ್ಲ. ಎತ್ತಿದ್ರೂ ಫ್ಯಾನ ಗತಿ.

ನನ್ನ ಬಾಜೂಕ ಶಶಿಕಾಂತನ ಫೋಟೋ ಸ್ಟುಡಿಯೋ ಐತಿ. ಅಂವಗ ಕಂಪ್ಯೂಟರಿನ ವಿಷಯದಾಗ ನನಗಿಂತ ಒಂದು ಮಾತು ಹೆಚ್ಚಿಗೆ ಗೊತ್ತು. ಆ ಒಂದು ಮಾತಿನ ಮ್ಯಾಲೆ ಹತ್ತು ಮಾತು ಕಟ್ಟತಾನ. ಬಂದು, ಕೈ ಕಟ್ಟಿಕೊಂಡು, ರೋಗಿ ನೋಡಿದಂಗ ಮಾನಿಟರ್ ನೋಡಿದ.

"ನಿನ್ನ ಕಂಪ್ಯೂಟರ್ ಹಳೇದು. ಅದು ಕಳಸೂ ಚಿತ್ರ ಚೌಕ ಐತಿ. ಇದು ಅಗಲ ಮಾನಿಟರ್. ಚೌಕ ಇದ್ದದ್ದನ್ನ ಜಗ್ಗಿ ಜಗ್ಗಿ ಅಗಲ ಮಾಡಾಕತ್ತೈತಿ. ವಿಡಿಯೋ ಕಾರ್ಡ್ ಹಾಕಬೇಕು."

"ನನ್ನ ಅಂಗಡಿ ತುಂಬಾ ಕಾರ್ಡ ಅದಾವು."

"ಅವು ಲಗ್ನ ಆಗೋರಿಗೆ. ಇದು ಲಗ್ನ ಆಗಿ ಬ್ಯಾರೆ ಬ್ಯಾರೆ ಊರಾಗ ಕುಂತೋರಿಗೆ," ಅಂದ ಶಶಿಕಾಂತ.

ರೋಣದಾಗ ಹಳೇ ಕಂಪ್ಯೂಟರ್ ಬಿಚ್ಚಿ ಸಾಮಾನು ಮಾರೂ ಅಂಗಡಿಯೊಂದಿತ್ತು. ಅಲ್ಲಿಂದ ಕಾರ್ಡು ತಂದೆ. ಮೊದಲನೇದು ಭಾಳ ಎತ್ತರ. ಕಂಪ್ಯೂಟರಿನ ಡಬ್ಬಿಯ ಬಾಗಲ ಮುಚ್ಚಲಿಲ್ಲ. ತಿರುಗಿ ಒಯ್ದು ಎರಡನೇದು ತಂದೆ. ಅದಕ್ಕ ನಮ್ಮ ಡಬ್ಬಿಯ ಕರೆಂಟು ಸಾಲಲಿಲ್ಲ, ಸ್ವಿಚ್ ಹಾಕಿದ ಕೂಡ್ಲೆ ನಿಟ್ಟುಸಿರು ಬಿಟ್ಟು ಮಲಗಿತು. ಮೂರನೇದು ಗಿಡ್ಡದು, ಸಾದಾ, ಜಾಸ್ತಿ ತಿನ್ನೋದಲ್ಲ. ಸರಳ ಕುಂತಿತು. ನನ್ನ ಲಗ್ನಕ್ಕ ಒಂದ ಹುಡುಗಿ ನೋಡಿ ಹೂಂ ಅಂದಾಂವ ನಾ. ಈ ಡಬ್ಬಿಗೆ ಮೂರು ಸಂಬಂಧ ನೋಡಬೇಕಾತು.

ಚಾಲೂ ಮಾಡಿದೆ. ಪಂಖಾ ತಿರುಗಿತು, ದೀಪ ಹತ್ತಿತು, ಮಾನಿಟರ್ ಮಾತ್ರ ಕರ್ರಗ. ನಡುವ ಒಂದು ಸಣ್ಣ ಬರಹ, "ಸಿಗ್ನಲ್ ಇಲ್ಲ" ಅಂತ. ಎಲ್ಲಿ ತಪ್ಪಾತು ಅಂತ ಡಬ್ಬಿಯ ಸುತ್ತ ಪ್ರದಕ್ಷಿಣಿ ಹಾಕೂದ್ರಾಗ ಕಾಲ್ ಬಂದ ಸಪ್ಪಳಾತು. ಜಬೀನ. ಅಷ್ಟು ದಿನ ಆದ ಮ್ಯಾಲೆ, ತಾನಾಗೇ. ಕಾಣದ ಬಟನ್ ಮ್ಯಾಲೆ ಮೌಸ್ ಓಡಿಸಿ ಓಡಿಸಿ ಒತ್ತಿದೆ. ಹೆಂಗೋ ಒಮ್ಮೆ ತಗಲ್ತು.

"ಯಾಕ ಹಂಗ ಕಣ್ಣು ಕಿರಿದು ಮಾಡಿ ನೋಡಾಕತ್ತೀರಿ?" ಅಂತ ದನಿ ಬಂತು.

"ನೀ ಕಾಣವಲ್ಲಿ."

"ನೀವು ಕಾಣಾಕತ್ತೀರಿ. ಗಡ್ಡ ಬಿಟ್ಟೀರಿ." ಸ್ವಲ್ಪ ತಡದು, "ನಾ ಕಾಣದಿದ್ರ ಚಲೋ ಆತು ಬಿಡ್ರಿ, ಗಲ್ಲ ಎಣಸೋದು ತಪ್ಪಿತು," ಅಂದ್ಲು. ಆದ್ರ ಆ ದನಿಯೊಳಗ ಸಿಟ್ಟಿರಲಿಲ್ಲ.

"ಅತ್ತಿ ಎಲ್ಲಿ?"

"ಬಾಜೂ ಮನಿಗೆ ಹೋಗ್ಯಾಳ. ಕೂಸು ತೊಡಿ ಮ್ಯಾಲೆ ಐತಿ. ಮಲಗವಲ್ದು. ಏನರ ಮಾತಾಡ್ರಿ, ನಿಮ್ಮ ದನಿ ಕೇಳಿದ್ರ ಕಾಲು ಆಡಸೋದು ಬಿಡತೈತಿ."

ಏನು ಮಾತಾಡಬೇಕು? ದಿನಾ ಎದುರಿಗಿದ್ದಾಗ ಮಾತು ಹುಟ್ಟತಾವು. ಕರೀ ಗಾಜಿನ ಮುಂದ ಕುಂತ್ರ ನನಗೊಂದೂ ಹೊಳೀಲಿಲ್ಲ. ಕೈಗೆ ಸಿಕ್ಕ ಲಗ್ನಪತ್ರಿಕಿ ಓದಾಕ ಹತ್ತಿದೆ. "ಸ್ವಸ್ತಿ ಶ್ರೀ. ನಮ್ಮ ಜ್ಯೇಷ್ಠ ಸುಪುತ್ರಿಯ ವಿವಾಹ ಮಹೋತ್ಸವವು ಗುರುಹಿರಿಯರ ಆಶೀರ್ವಾದದೊಂದಿಗೆ ನೆರವೇರುವುದರಿಂದ ತಾವು ಸಹಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ..." ಪುರ್ತಗೇರಿಯ ಲಗ್ನ ಅದು. ಊಟದ ವ್ಯಾಳ್ಯಾ, ಸುಖಾಗಮನ ಬಯಸೋ ಸೋದರಮಾವಂದಿರ ಹೆಸರು, "ಉಡುಗೊರೆ ತರಬಾರದಾಗಿ ವಿನಂತಿ", ಏನೂ ಬಿಡಲಾರದ ಓದಿದೆ.

"ಮಲಗಿತು," ಅಂದ್ಲು ಜಬೀನ, ಪಿಸುದನಿಯೊಳಗ. "ಸಹಕುಟುಂಬ ಅನ್ನೂವಷ್ಟರಾಗ ಕಣ್ಣು ಮುಚ್ಚಿತು."

ಕೂಸಿನ ಉಸಿರು ಕೇಳಸ್ತಿತ್ತು. ಪರದಿ ಕರ್ರಗಿತ್ತು, ಅದರಾಗ ನನ್ನ ಗಡ್ಡದ ಮುಖ ಒಂದ ಕಾಣ್ತಿತ್ತು. ಯಾರಿಗೂ ಹೇಳಬ್ಯಾಡ್ರಿ, ಆಕಿ ತವರಿಗೆ ಹೋದ ಮ್ಯಾಲೆ ಅದ ಒಂದು ಸಂಜಿ ನಾ ಹೊಟ್ಟಿ ತುಂಬ ಉಂಡೆ.

ಮರುದಿನ ತಪ್ಪು ಸಿಕ್ತು. ಕಾರ್ಡು ಹೊಸ ಜಾಗಾದಾಗ ಕುಂದ್ರಿಸಿದ್ದೆ, ಮಾನಿಟರಿನ ಕೇಬಲ್ ಮಾತ್ರ ಹಳೇ ತೂತಿನ್ಯಾಗ ಬಿಟ್ಟಿದ್ದೆ. ಹೊಸ ಮನಿಗೆ ಹೋಗಿ ಹಳೇ ಮನಿ ಬಾಗಲ ಬಡದಂಗ. ಕೇಬಲ್ ಕಿತ್ತು ಕಾರ್ಡಿಗೆ ಚುಚ್ಚಿದೆ. ಸರಳ ಹೋಗಲಿಲ್ಲ, ಬಲ ಹಾಕಿ ಒತ್ತಿದೆ. ಒಳಗ ಏನೋ ಕಟಕ್ ಅಂತು. ಚಿತ್ರ ಬಂತಲ್ಲ, ಆ ಕಟಕ್ ಮರ್ತುಬಿಟ್ಟೆ.

ಕಾಲ್ ಹಚ್ಚಿದೆ. ಜಬೀನ ಬಂದ್ಲು. ಈ ಸಲ ಗಲ್ಲ ಅಳತಿಯೊಳಗಿದ್ವು. ಆದ್ರ ಮುಖ ಅರಿಷಿಣ ಬಳದಂಗ ಹಳದಿ. ಕಣ್ಣಿನ ಬಿಳಿಯೂ ಹಳದಿ. ನನಗ ಎದಿ ಧಸಕ್ ಅಂತು. ಹಿಂದಿನ ಗ್ವಾಡಿನೂ ಹಳದಿ ಇತ್ತು, ಆದ್ರ ಅದು ಹೊಸಾ ಸುಣ್ಣ ಅಂದ್ಕೊಂಡೆ. (ಎದಿ ಧಸಕ್ ಅಂದಾಗ ಗ್ವಾಡಿ ಯಾರು ನೋಡ್ತಾರ?)

"ಜಬೀನ, ಊಟ ಸೇರತೈತಿ?"

"ಯಾಕ? ಮತ್ತ ಗಲ್ಲ ಕಂಡ್ವೇನು?"

"ಹಂಗಲ್ಲ. ನಾಲಗಿ ತೋರಸು."

ತೋರಿಸಿದ್ಲು. ಅದೂ ನೆಟ್ಟಗಿದ್ದಂಗ ಕಾಣಲಿಲ್ಲ. "ಅತ್ತಿ, ಲಗೂ ದವಾಖಾನಿಗೆ ಕರ್ಕೊಂಡು ಹೋಗ್ರಿ. ಇದು ಕಾಮಾಲಿ. ಕೂಸನ್ನೂ ತೋರಸ್ರಿ, ಕೂಸೂ ಹಳದಿ ಐತಿ," ಅಂದೆ.

ಅತ್ತಿ ಫೋನಿನೊಳಗ ಬಂದು, "ಎಲ್ಲಿ ಐತಿರಿ ಹಳದಿ?" ಅಂದ್ರು. ನೋಡಿದ್ರ ಅವರೂ ಹಳದಿ. ಮನಿಮಂದಿಗೆಲ್ಲಾ ಬಂದೈತಿ, ನೀರಿನ ದೋಷ ಅಂತ ಮಾಡಿದೆ. "ನೀವೂ ತೋರಸ್ಕೋರಿ," ಅಂದೆ.

ಕೊಣ್ಣೂರಿನ ನಮ್ಮ ಬೀಗರ ಮನಿ ಮಂದಿ ಅಷ್ಟೂ ಜನ ಜಬೀನನ ತಮ್ಮ ಮುನಾವರನ ಮೂರು ಗಾಲಿಯ ಟಾಂಟಾಂ ಗಾಡಿ ಹತ್ತಿ ನರಗುಂದದ ದವಾಖಾನಿಗೆ ಹೋದ್ರು. ಇತ್ತ ನಾ ಅಂಗಡಿಯೊಳಗ ಒಂದು ಕಡೆ ಕುಂದ್ರಲಾರದ ತಿರುಗ್ಯಾಡಾಕತ್ತಿದ್ದೆ. ಅಮ್ಮಿ ನಮಾಜಿಗೆ ಜಾನಮಾಜ್ ಹಾಸಿ ಕುಂತಿದ್ಲು. ಅತ್ತಿ ಮ್ಯಾಲಿನ ಸಿಟ್ಟು ಅಷ್ಟೂ ಹೋಗಿ, "ಪಾಪ, ಸೈರಾಬಾನು ಕೈಯಾಗಿನ ಅನ್ನ ಭಾಳ ರುಚಿ," ಅನ್ನಾಕತ್ತಿದ್ಲು.

ಅದ ಹೊತ್ತಿಗೆ ಪುರ್ತಗೇರಿಯ ಅಂದಾನಪ್ಪ ಬಂದ್ರು, ಮಗಳ ಲಗ್ನಪತ್ರಿಕಿ ಒಮ್ಮೆ ನೋಡಿ ಹೋಗಾಕ. ಪರದಿ ಮ್ಯಾಲೆ ತೆಗದು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದ್ರು, ಇಳಿಸಿ ನೋಡಿದ್ರು.

"ಇನಾಯತ, ಅಂಚು ನೀಲಿ ಅಂದಿದ್ನೆಲ್ಲೋ."

"ನೀಲೀನ ಐತಿರಿ."

"ಕರ್ರಗ ಐತಿ. ಮತ್ತ ಬಿಳೀ ಹಾಳಿ ಹಳದಿ ಆಗೇತಿ. ನನ್ನ ಮಗಳ ಲಗ್ನಕ್ಕ ಮಂದಿ ಬರಬೇಕೋ, ಹಳಹಳಿಸಿ ಹೋಗಬೇಕೋ?"

ನೋಡಿದೆ. ಬಿಳಿ ಹಳದಿ. ನೀಲಿ ಕರಿ. ಕಾಮಾಲಿ ಬಂದದ್ದು ಮಾನಿಟರಿಗೆ. ಕೇಬಲ್ ಕಿತ್ತು ನೋಡಿದ್ರ, ತುದಿಯಾಗಿನ ಸಣ್ಣ ತಂತಿಯ ಹಲ್ಲಿನ ಸಾಲಿನ್ಯಾಗ ಒಂದು ಹಲ್ಲು ಅಡ್ಡ ಮಲಗಿತ್ತು. ನೀಲಿ ಬಣ್ಣ ಹಾಯೂ ಹಲ್ಲು ಅದ.

ಅಷ್ಟರಾಗ ಮುನಾವರನ ಫೋನು ಬಂತು. ದವಾಖಾನಿಯಿಂದ.

"ಭಾಯಿ, ಡಾಕ್ಟರ್ ಎಲ್ಲಾರ ಕಣ್ಣು, ನಾಲಗಿ, ಉಗುರು ನೋಡಿದ್ರು. ರಕ್ತನೂ ತಗೊಂಡ್ರು. ಯಾರಿಗೂ ಏನೂ ಇಲ್ಲಂತ. ಕಾಮಾಲಿ ಅಂತ ಯಾರು ಹೇಳಿದ್ರು ಅಂತ ಕೇಳಿದ್ರು."

"ನೀ ಏನಂದಿ?"

"ನಮ್ಮ ಭಾವ ಗಜೇಂದ್ರಗಡದಾಗ ಕುಂತು ನೋಡ್ಯಾರಂತ ಹೇಳಿದೆ. ಅವರನ್ನ ಕರ್ಕೊಂಡು ಬರ್ರಿ, ಒಮ್ಮೆ ನೋಡೋಣು ಅಂದ್ರು."

ಹಲ್ಲು ನೆಟ್ಟಗ ಮಾಡಾಕ ಸಣ್ಣದೊಂದು ಸಾಮಾನು ಬೇಕಿತ್ತು. ಕಪಾಟಿನ್ಯಾಗ ಹುಡುಕಿದ್ರ ಜಬೀನನ ತಲಿಪಿನ್ನು ಸಿಕ್ತು. ಅದಕ್ಕ ಇನ್ನೂ ಕೊಬ್ರಿ ಎಣ್ಣಿ ವಾಸನಿ ಇತ್ತು. ಅದನ್ನ ಮೂಗಿನ ಹತ್ರ ಹಿಡಕೊಂಡು ನಿಂತೆ. ಅಂದಾನಪ್ಪ ಮಾರಿ ಆ ಕಡೆ ತಿರುಗಿಸಿ ಬೀದಿ ನೋಡಿದ್ರು. ಅವರೂ ಒಂದು ಕಾಲಕ್ಕ ಬಾಣಂತಿ ತವರಿನಿಂದ ಬರೋ ದಾರಿ ಕಾದಾವರ. ಪಿನ್ನಿನ ತುದಿಲೆ ಹಲ್ಲು ಮೆಲ್ಲಕ ಎಬ್ಬಿಸಿ, ಕೇಬಲ್ ಈ ಸಲ ಕೂಸಿನ ತಲಿಗೆ ಕುಲಾಯಿ ಹಾಕಿದಂಗ ಹಾಕಿದೆ. ಅಂಚು ನೀಲಿ ಆತು. ಹಾಳಿ ಬೆಳ್ಳಗಾತು. ಅಂದಾನಪ್ಪ "ಹೂಂ" ಅಂದು ಹೋದ್ರು.

ಮರುದಿನ ಸಂಜಿ ಮಾಫಿ ಕೇಳಾಕ ಕಾಲ್ ಮಾಡಿದೆ. ಮತ್ತ ಜಬೀನ ಬಂದ್ಲು.

ಏನು ಹೇಳ್ಲಿ. ಎಡಗಲ್ಲದ ಮಚ್ಚಿ ಇತ್ತು. ಕಿವಿ ಹಿಂದ ಸಿಕ್ಕಿಸಿದ ಕೂದಲಿತ್ತು. ಒಡದ ಫೋನಿನ್ಯಾಗ ಕಾಣದ್ದೂ ಕಂಡ್ತು: ಕಣ್ಣಿನ ಕೆಳಗ ಕರಿ ಛಾಯೆ, ಇಳದ ಗಲ್ಲ, ನಿದ್ದಿಗೆಟ್ಟ ಮುಖ. ಖರೇನ ಇಳದಿದ್ಲು. ನಾ ಬೈಗಳ ತಿನ್ನಾಕ ತಯಾರಾಗಿ ಕುಂತಿದ್ದೆ, ಆಕಿ ಬೈಲಿಲ್ಲ. ನನ್ನ ಹಿಂದಿನ ಖೋಲಿ ನೋಡಾಕತ್ತಿದ್ಲು. ಕುರ್ಚಿ ಮ್ಯಾಲಿನ ಅರಿವಿ, ತೊಳೀದ ಚಹಾದ ಕಪ್ಪು, ಎಲ್ಲಾ.

"ಸ್ವಚ್ಛ ಕಾಣ್ತೀನೇನು?" ಅಂತ ಕೇಳಿದ್ಲು.

"ಕಾಣ್ತಿ."

"ಇನ್ನೇನು ಬೇಕು ನಿಮಗ?"

ಬೇಕಾದದ್ದು ಹೇಳೂದ್ರಾಗ ಅತ್ತಿ ನಡುವ ಬಂದ್ರು. ದವಾಖಾನಿಯ ಸಿಟ್ಟು ಅವರಿಗೆ ಇಳದಿದ್ದಿಲ್ಲ. "ಅಲ್ರಿ ಅಳಿಯಂದ್ರ, ಎದುರಿಗೆ ಕುಂತಂಗ ಕಾಣ್ತಾಳಂದ ಮ್ಯಾಲೆ ಅವಸರ ಏನೈತಿ? ದಿನಾ ಸಂಜಿ ನೋಡ್ರಿ. ಇನ್ನೊಂದು ತಿಂಗಳು ಇಲ್ಲೇ ಇರ್ಲಿ, ಮೈ ಹತ್ತಲಿ. ಗಾಜು ಚಲೋ ತಂದೀರಿ."

ನಾ ಮೂರು ಕಾರ್ಡು ಬದಲಿಸಿ, ಒಂದು ಹಲ್ಲು ರಿಪೇರಿ ಮಾಡಿ, ನನ್ನ ಹೆಂಡ್ತಿನ್ನ ಕೊಣ್ಣೂರಿನ್ಯಾಗ ಇನ್ನೊಂದು ತಿಂಗಳು ಉಳಿಸಿಕೊಂಡಿದ್ದೆ. ಜಬೀನ ತಲಿ ತಗ್ಗಿಸಿ ಕೂಸಿನ ಕುಲಾಯಿ ಸರಿಮಾಡಾಕತ್ತಿದ್ಲು.

ಮರುದಿನ ಮುಂಜಾನೆ ಅಂಗಡಿಗೆ ಕೀಲಿ ಹಾಕಿದೆ. ಸುಪ್ರೀಂ ಕೋರ್ಟಿಗೆ, "ರೋಣಕ್ಕ ಹಾಳಿ ತರಾಕ ಹೋಗ್ತೀನಿ," ಅಂದೆ. ಅಮ್ಮಿ ನನ್ನ ಇಸ್ತ್ರಿ ಅಂಗಿ ನೋಡಿದ್ಲು, ಹಚ್ಚಿಕೊಂಡ ಅತ್ತರಿನ ವಾಸನಿ ಮೂಸಿದ್ಲು. "ಹಾಳಿಗೆ ನನ್ನ ಸಲಾಂ ಹೇಳು," ಅಂದ್ಲು. ನಾ ಬರೋದನ್ನ ಕೊಣ್ಣೂರಿಗೆ ತಿಳಿಸಲಿಲ್ಲ. ತಿಳಿಸಿದ್ರ ಅತ್ತಿಗೆ ಮತ್ತ ನೆಗಡಿ ಬರತೈತಿ ಅಂತ ಅಂಜಿಕಿ. ಬಾಗಲದಾಗ ನಾ ನಿಂತಾಗ ಜಬೀನನ ಮುಖ ಹ್ಯಾಂಗಾಗತೈತಿ ಅನ್ನೋದನ್ನ ನೋಡಬೇಕಂತ ಆಶಾನೂ ಇತ್ತು.

ರೋಣದಾಗ ಒಂದು ಬಸ್ಸು ಬದಲಿಸಿದೆ, ನರಗುಂದದಾಗ ಇನ್ನೊಂದು. ದಾರಿ ಉದ್ದಕ್ಕೂ ಹೇಳೂ ಮಾತು ಜೋಡಿಸ್ಕೊಂಡು ಹೋದೆ. ಕೊಣ್ಣೂರಿನ್ಯಾಗ ಇಳದು, ಬೀಗರ ಮನಿ ಬಾಗಲ ಬಡದೆ. ಅತ್ತಿ ತೆಗದ್ರು. ತಡ ಮಾಡಲಿಲ್ಲ, ಲಗೂನ ತೆಗದ್ರು. ನನ್ನ ನೋಡಿ, ನನ್ನ ಹಿಂದ ನೋಡಿ, ಮತ್ತ ನನ್ನ ನೋಡಿದ್ರು.

"ನೀವು ಇಲ್ಲಿ ಯಾಕ ಬಂದ್ರಿ?"

"ಜಬೀನನ್ನ ಕರ್ಕೊಂಡು ಹೋಗಾಕ ಬಂದೀನ್ರಿ ಅತ್ತಿ. ಬೈತೀರಂದ್ರ ಬೈರಿ. ನನಗ ಗಾಜಿನ್ಯಾಗ ನೋಡಿ ಸಾಕಾತು."

ಅತ್ತಿ ಚೌಕಟ್ಟು ಹಿಡಕೊಂಡು ನಿಂತ್ರು. "ಆಕಿ ಮುಂಜಾನೆ ಹೋದ್ಲಲ್ರಿ. ಗಜೇಂದ್ರಗಡಕ್ಕ. ಮುನಾವರ ಗಾಡಿ ತಗೊಂಡು ಬಿಡಾಕ ಹೋಗ್ಯಾನ. ನಿನ್ನಿ ನಿಮ್ಮ ಕಾಲ್ ಮುಗದದ್ದ ತಡ, ಅಳಾಕ ಹತ್ತಿದ್ಲು. ಆ ಮನುಷ್ಯಾ ಇಷ್ಟು ಒದ್ದಾಡಾಕತ್ಯಾನ, ನಾ ಇಲ್ಲಿ ಕುಂತು ತುಪ್ಪ ತಿನ್ನಲೇನು ಅಂದ್ಲು. ನಿಮಗ ಹೇಳಬ್ಯಾಡ, ಒಮ್ಮೆಲೆ ಹೋಗಿ ನಿಂದರ್ತೀನಿ ಅಂತ ನನ್ನ ಕಡೆ ಆಣಿ ಹಾಕಿಸ್ಕೊಂಡ್ಲು."

ನಾನು ನರಗುಂದದ ಬಸ್‌ಸ್ಟ್ಯಾಂಡಿನ್ಯಾಗ ಚಹಾ ಕುಡ್ಯಾಕತ್ತಾಗ ಟಾಂಟಾಂ ಒಂದು ರಸ್ತಾದ ಮ್ಯಾಲೆ ಹಾದು ಹೋಗಿತ್ತು. ಒಳಗ ಕೂಸು ಅಳೂ ಸಪ್ಪಳ ಕೇಳಿ, ಯಾರ ಕೂಸೋ ಪಾಪ ಅಂದ್ಕೊಂಡಿದ್ದೆ.

ಹಂಗ ತಿರುಗಿ ಹೋಗ್ತೀನಿ ಅಂದ್ರ ಅತ್ತಿ ಚಪ್ಪಲಿ ಎತ್ತಿ ಒಳಗಿಟ್ರು. ಮೊದಲನೇ ಮೊಮ್ಮಗಳ ಹೆಸರಿಟ್ಟ ದಿನ ಸಂಜಿಗೇ ಓಡಿದ ಅಳಿಯ ಈಗ ಬಂದು ನಿಂತಾನಂದ್ರ ಬರೇ ಬಾಯಿಲೆ ಕಳಸಾಕ ಬರತೈತೇನು, ಊರಾಗಿನ ಬೀಗರೆಲ್ಲಾ ಏನಂದಾರು. ನಾಳಿ ದಾವತ್ತು ಆಗಬೇಕು, ನಾಡದು ಶುಕ್ರವಾರ, ಆಮ್ಯಾಲೆ ನೋಡೋಣು ಅಂದ್ರು. ನನ್ನ ಕಣ್ಮುಂದನ ಕೋಳಿ ಹಿಡ್ಯಾಕ ಹೇಳಿ ಕಳಿಸಿದ್ರು.

ಸಂಜಿ ಫೋನು ಬಂತು. ಒಡದ ಗಾಜಿನ್ಯಾಗ ಜಬೀನ, ಒಂದು ಕಣ್ಣು ಈ ಕಡೆ, ಮೂಗು ಆ ಕಡೆ. ನನ್ನ ಕುರ್ಚಿ ಮ್ಯಾಲೆ, ನನ್ನ ದೊಡ್ಡ ಮಾನಿಟರಿನ ಮುಂದ, ತೊಡಿ ಮ್ಯಾಲೆ ಗುಲ್ಷನನ್ನ ಇಟ್ಕೊಂಡು ಕುಂತಿದ್ಲು. ಖೋಲಿ ಆಗಲೇ ಕಸ ಹೊಡದು ಬೆಳ್ಳಗಾಗಿತ್ತು. ಅಮ್ಮಿ ಹಿಂದ ನಿಂತು ಕೂಸಿನ ಕಾಲು ತಿಕ್ಕಾಕತ್ತಿದ್ಲು. ನನ್ನ ಕಡೆ ನೋಡಲೇ ಇಲ್ಲ.

"ಭಾಳ ಚಂದ ಕಾಣ್ತೈತ್ರಿ ಇದರಾಗ," ಅಂದ್ಲು ಜಬೀನ. "ನೀವು ಎದುರಿಗೆ ಕುಂತಂಗ ಆಗೇತಿ. ಕೈ ಚಾಚಿದ್ರ ಗಡ್ಡ ಸಿಗತೈತೇನೋ ಅನಸ್ತೈತಿ."

ಖರೇನ ಕೈ ಚಾಚಿ ಮುಟ್ಟಿದ್ಲು ಅಂತ ಕಾಣ್ತೈತಿ, ಅಲ್ಲಿ ಗಾಜಿನ ಮ್ಯಾಲೆ ಉಗುರು ತಾಗಿದ ಸಪ್ಪಳ ನನಗ ಕೇಳಿಸ್ತು. ಆಮ್ಯಾಲೆ ಆಕಿ ದನಿ ಸಣ್ಣದಾತು.

"ಯಾವಾಗ ಬರ್ತೀರಿ?"

ನಾ ಅಡಗಿ ಮನಿ ಕಡೆ ನೋಡಿದೆ. ಅತ್ತಿ ಮಸಾಲಿ ಅರೀತಾ, ಯಾರ ಯಾರಿಗೆ ದಾವತ್ತಿಗೆ ಹೇಳಬೇಕು ಅಂತ ಬಾಗಲದಾಗ ನಿಂತವರಿಗೆ ಕೂಗಿ ಹೇಳಾಕತ್ತಿದ್ರು.

"ನಿಮ್ಮ ಅಮ್ಮಾ ಕಳಿಸಿದ ಮ್ಯಾಲೆ," ಅಂದೆ.